‘ನಿಮ್ಮಂಥವರ ತಲಿಗೆ ಹತ್ತೂದಿಲ್ಲ’ ಅಂದವರಿಗೆ, ಹಂಗ ಅಂದ ನನಗೂ

ಪೋಸ್ಟ್ ಉದ್ದ ಐತಿ. ಪುರಸೊತ್ತು ಇದ್ದಾಗ ಓದ್ರಿ, ಆದ್ರೆ ಅರ್ಧಕ್ಕೆ ಬಿಟ್ಟು ಕಮೆಂಟ್ ಹಾಕಬ್ಯಾಡ್ರಿ.

ನಮ್ಮ ಓಣಿಯ ಒಂದು ಹುಡುಗಿ. ಯಾರು ಅಂತ ಬರೆಯೋದಿಲ್ಲ. ಅವ್ವ ಕೂಲಿಗೆ ಹೋಗ್ತಾಳೆ. ಅಪ್ಪ ಹೆಸರಿನ ಸುಗ್ಗಿ ಮುಗಿದ ಕೂಡ್ಲೇ ಗೋವಾಕ್ಕೆ ದುಡಿಯೋಕೆ ಹೋಗೋ ಮನುಷ್ಯ. ಹುಡುಗಿ ಬಿಎ ಮುಗಿಸಿದ್ದಾಳೆ, ಸೈಕಾಲಜಿ ಒಂದು ವಿಷಯ, ಫಸ್ಟ್ ಕ್ಲಾಸ್. ಹೋದ ತಿಂಗಳು ಒಂದಿನ ಸಂಜೆ ನಾನು ಆಫೀಸಿನಿಂದ ಬಂದು ಚಾ ಕುಡೀತಾ ಕೂತಿದ್ದೆ, ಬಂದಳು.

“ಕಾಕಾ, ಕಾಗ್ನಿಟಿವ್ ಸೈನ್ಸ್ ಅಂತ ಎರಡು ವರ್ಷದ ಎಂಎಸ್ಸಿ ಐತಿ, ಗಾಂಧಿನಗರದ ಐಐಟಿಯೊಳಗ. ಬಿಎ ಆದವ್ರೂ ಅರ್ಜಿ ಹಾಕಬಹುದಂತ. ಹಾಕ್ಲ್ಯಾ?”

ಇಪ್ಪತ್ತು ವರ್ಷದಿಂದ ಮೈಕ್ ಹಿಡಿದು ಶಿಕ್ಷಣ, ಸಂಘಟನೆ, ಹೋರಾಟ ಅಂತ ಗಂಟಲು ಹರಕೊಂಡ ನಾನು ಏನಂದೆ ಗೊತ್ತೇನು? “ಅದನ್ನ ಓದಿ ಏನ್ ಮಾಡ್ತಿ ಯವ್ವಾ? ಮುಂದ ನೌಕರಿ ಏನೈತಿ? ಸುಮ್ಮ ಎಫ್‌ಡಿಎ ಬರಿ. ಗ್ರಾಮ ಆಡಳಿತ ಅಧಿಕಾರಿ ಕರದ್ರ ಅದನ್ನೂ ಬರಿ.”

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ನನ್ನ ಹತ್ರ ಬರೋಕ್ಕೂ ಮುಂಚೆ ಬಾಳ ಕಲಿತ ಒಬ್ಬರನ್ನ ಕೇಳೋಕೆ ಹೋಗಿದ್ದಳಂತೆ. ಅವರ ಉತ್ತರ: “ಅದು ನಿಮ್ಮಂಥವರ ತಲಿಗೆ ಹತ್ತೂದಿಲ್ಲ. ಬಿಎಡ್ ಮಾಡು.” ಇಷ್ಟು ಹೇಳಿ ನನ್ನ ಮುಖ ನೋಡಿದಳು. “ಅವ್ರು ತಲಿಗೆ ಹತ್ತೂದಿಲ್ಲ ಅಂದ್ರು. ನೀವು ಹೊಟ್ಟಿ ತುಂಬೂದಿಲ್ಲ ಅಂತೀರಿ. ಕಡೀಕ ನಾ ಹೋಗೂದಂತೂ ಬ್ಯಾಡ ಅಂತ ಇಬ್ಬರೂ ಹೇಳಿದಂಗ ಆತಲ್ಲ ಕಾಕಾ?”

ಚಾ ಆರಿ ಹೋಯ್ತು. ಅವಳ ಮೊಬೈಲಿನಲ್ಲಿದ್ದದ್ದನ್ನೆಲ್ಲ ನನಗೆ ಕಳಿಸು ಅಂದೆ. ಅವತ್ತಿನಿಂದ ರಾತ್ರಿ ಊಟ ಆದ ಮೇಲೆ ಅದನ್ನೇ ಓದ್ತಾ ಬಂದೀನಿ. ಇಂಗ್ಲಿಷ್ ನಿಧಾನ ನಂದು, ತಿಳಿಯದ್ದನ್ನ ಅವಳಿಂದಲೇ ಕೇಳಿ ತಿಳ್ಕೊಂಡೆ. ಅವಳಿಗೆ ಬಾಯಿಮಾತಲ್ಲಿ ಕ್ಷಮೆ ಕೇಳೀನಿ. ಆದ್ರೆ ಆ ಮಾತು ನನ್ನ ಮನೆಯಲ್ಲಿ ಮಾತ್ರ ಆಡಿದ್ದಲ್ಲ, ಮೂರೂ ತಾಲೂಕಿನ ನಮ್ಮ ಮನೆಗಳಲ್ಲಿ ದಿನಾ ಆಡ್ತೀವಿ. ಅದಕ್ಕೆ ಇಲ್ಲಿ ಬರೀತಿದ್ದೀನಿ.

ಏನದು ಕಾಗ್ನಿಟಿವ್ ಸೈನ್ಸ್? ಮನುಷ್ಯ ನೋಡೋದು, ನೆನಪಿಡೋದು, ಭಾಷೆ ಕಲಿಯೋದು, ಲೆಕ್ಕ ಮಾಡೋದು, ನಿರ್ಧಾರ ತಗೊಳ್ಳೋದು, ಇವೆಲ್ಲ ಹೆಂಗ ನಡೀತಾವು ಅಂತ ಪರೀಕ್ಷೆ ಮಾಡಿ ತಿಳಿಯೋ ಶಾಸ್ತ್ರ. ಮನಶ್ಶಾಸ್ತ್ರ, ಭಾಷಾಶಾಸ್ತ್ರ, ತತ್ವಶಾಸ್ತ್ರ, ಕಂಪ್ಯೂಟರ್, ಮೆದುಳಿನ ವಿಜ್ಞಾನ, ಮಾನವಶಾಸ್ತ್ರ, ಇಷ್ಟೂ ಒಂದೇ ಕಟ್ಟೆ ಮೇಲೆ ಕೂತು ಮಾತಾಡೋ ಜಾಗ ಅದು. ಕನ್ನಡದಾಗ ಇದಕ್ಕ ಸಂಜ್ಞಾನ ಗಿಂಜ್ಞಾನ ಅಂತ ಬಾಯಿ ಸೊಟ್ಟ ಆಗೋ ಪದ ಹಾಕ್ತಾರೆ. ‘ಅರಿವಿನ ವಿಜ್ಞಾನ’ ಅಂದ್ರೆ ಸಾಕು. ಅರಿವು ಅನ್ನೋದು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಕೂತಿದ್ದ ಕೂಟದ ಪದ. ಯಾರ ಅಪ್ಪಣೆಯೂ ಬೇಕಾಗಿಲ್ಲ ನಮಗೆ ಅದನ್ನ ಬಳಸೋಕೆ.

ಹುಡುಗಿಯ ಅವ್ವನಿಗೂ ತಿಳಿಸಿ ಹೇಳೋಕೆ ಹೋದೆ. “ಮನಸ್ಸಿನ ವಿಚಾರ ಓದೂದಂದ್ರ ಧಾರವಾಡದ ಹುಚ್ಚರ ದವಾಖಾನಿಗೆ ಡಾಕ್ಟರ್ ಆಗ್ತಾಳೇನ್ರಿ?” ಅಂದಳು. ನಕ್ಕೆ. ಆದ್ರೆ ಧಾರವಾಡದ ಹೆಸರು ಬಂದದ್ದು ಒಳ್ಳೇದೇ ಆಯ್ತು.

ಯಾಕಂದ್ರೆ ‘ನಿಮ್ಮಂಥವರ ತಲೆ’ಯನ್ನ ಅಳೆಯೋ ಪಟ್ಟಿ ನಮ್ಮ ಸೀಮೆಯಲ್ಲೂ ತಯಾರಾಗಿತ್ತು. 1905ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಅನ್ನೋರು ಯಾವ ಮಕ್ಕಳಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸೋಕೆ ಒಂದು ಪರೀಕ್ಷೆ ಮಾಡಿದರು. ಅದನ್ನ ವಿ. ವಿ. ಕಾಮತ್ ಅನ್ನೋರು 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. 1940ರಲ್ಲಿ ಪುಸ್ತಕವೂ ಬಂತು. ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ಮಕ್ಕಳ ಬುದ್ಧಿಮಟ್ಟ ನೋಡೋಕೆ ಬಳಸೋರಿದ್ದಾರೆ. ಕಾಮತರ ಮೇಲೆ ನನಗೆ ಸಿಟ್ಟಿಲ್ಲ, ದೊಡ್ಡ ಕೆಲಸವೇ ಮಾಡಿದ್ದಾರೆ. ನನ್ನ ಪ್ರಶ್ನೆ ಬೇರೆ. ಆಗ ರೋಣ, ನರಗುಂದ ಎಲ್ಲಾ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ. ಅದೇ ಪ್ರಾಂತದಲ್ಲಿ ನಮ್ಮವರ ಸ್ಥಿತಿ ವಿಚಾರಿಸೋಕೆ ಕೂತ ಸ್ಟಾರ್ಟ್ ಸಮಿತಿ 1930ರಲ್ಲಿ ವರದಿ ಕೊಟ್ಟಿತ್ತು, ಬಾಬಾಸಾಹೇಬರೂ ಅದರ ಸದಸ್ಯರು. ಶಾಲೆಯೊಳಗೆ ಕೂಡೋಕೆ ಜಾಗ ಕೊಡಬೇಕೋ ಬೇಡವೋ ಅನ್ನೋದೇ ಜಗಳ ಆಗಿದ್ದ ಕಾಲ ಅದು. ಶಾಲೆಯ ಒಳಗೆ ಬರದ ಮಗುವಿನ ಬುದ್ಧಿಯನ್ನ ಶಾಲೆಯ ಮಗುವಿನ ಪಟ್ಟಿಯಿಂದ ಅಳೆದ್ರೆ ಏನು ಸಿಗುತ್ತೆ? ಬುದ್ಧಿ ಸಿಗಲ್ಲ, ಬಾಗಿಲು ಹಾಕಿತ್ತು ಅನ್ನೋದು ಸಿಗುತ್ತೆ.

ಇದಕ್ಕೂ ಹಿಂದೆ ಮೂಗು ಅಳೆದಿದ್ರು. ತಮಾಷೆ ಅಲ್ಲ. 1901ರ ಜನಗಣತಿಯ ಸಾಹೇಬ ಹರ್ಬರ್ಟ್ ರಿಸ್ಲಿ, ಮೂಗಿನ ಅಗಲ ಉದ್ದ ಅಳೆದು ಜಾತಿಯ ಮೇಲು ಕೀಳು ಹೇಳಬಹುದು ಅಂತ ನಂಬಿದ್ದವನು. ಮೂಗಿನಿಂದ ಹಿಡಿದು ಮಾರ್ಕ್ಸ್ ಕಾರ್ಡಿನ ತನಕ ಅಳೆಯೋ ಕೈ ಒಂದು ಕಡೆ, ಅಳೆಸಿಕೊಳ್ಳೋ ತಲೆ ಇನ್ನೊಂದು ಕಡೆ. ‘ಹುಟ್ಟುಗುಣ ಸುಟ್ಟರೂ ಹೋಗಲ್ಲ’ ಅಂತ ಗಾದೆ ಬೇರೆ.

ಈಗ ನಾನು ಓದಿದ್ದರಲ್ಲಿ ನನ್ನನ್ನ ಅಲ್ಲಾಡಿಸಿದ ವಿಷಯಕ್ಕೆ ಬರ್ತೀನಿ.

ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಅಂತ ಇಬ್ಬರು ಅರ್ಥಶಾಸ್ತ್ರದವರು. ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಆರನೇ ಏಳನೇ ಕ್ಲಾಸಿನ ಹುಡುಗರನ್ನ ಕೂಡಿಸಿ ಒಂದು ಪ್ರಯೋಗ ಮಾಡಿದರು. ಮೇಲ್ಜಾತಿಯ 321 ಹುಡುಗರು, ನಮ್ಮಂಥ ಜಾತಿಯ 321 ಹುಡುಗರು. ಕೊಟ್ಟ ಕೆಲಸ ಸಣ್ಣದು. ಕಾಗದದ ಮೇಲೆ ಸುತ್ತುಬಳಸಿನ ದಾರಿ ಬರೆದಿರ್ತಾರಲ್ಲ, ಪೇಪರಿನ ಮಕ್ಕಳ ಪುಟದಾಗ ಬರ್ತೈತಿ ನೋಡ್ರಿ, ‘ಇಲಿಗೆ ದಾರಿ ತೋರಿಸಿ’ ಅಂತ, ಅದು. ಬಿಡಿಸಿದಷ್ಟಕ್ಕೂ ರೊಕ್ಕ. ಜಾತಿಯ ಸುದ್ದಿ ಎತ್ತದೇ ಆಡಿಸಿದಾಗ ಎರಡೂ ಕಡೆಯ ಹುಡುಗರು ಹೆಚ್ಚು ಕಡಿಮೆ ಸಮಸಮ ಬಿಡಿಸಿದರು. ಫರಕ್ಕೇ ಇಲ್ಲ. ಆಮೇಲೆ ಬೇರೆ ಗುಂಪುಗಳಲ್ಲಿ, ಆಟ ಶುರು ಮಾಡೋಕ್ಕೂ ಮುಂಚೆ ಒಬ್ಬೊಬ್ಬರದೇ ಹೆಸರು, ಊರು, ಅಪ್ಪನ ಹೆಸರು, ಅಜ್ಜನ ಹೆಸರು, ಕೊನೆಗೆ ಜಾತಿ ಎಲ್ಲರ ಮುಂದೆ ಓದಿ ಹೇಳಿದರು. ಅಷ್ಟೇ. ಯಾರೂ ಬೈಲಿಲ್ಲ, ಯಾರೂ ಹೊಡೀಲಿಲ್ಲ. ನಮ್ಮ ಹುಡುಗರು ಬಿಡಿಸಿದ ಲೆಕ್ಕ ಧಡ್ ಅಂತ ಕೆಳಗೆ ಬಿತ್ತು. ಅದೇ ವಯಸ್ಸು, ಅದೇ ಆಟ. ಕೂಗಿದ್ದು ಒಂದು ಪದ.

ಇನ್ನೂ ಐತಿ. ರೊಕ್ಕ ಯಾರಿಗೆ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡ್ತೀವಿ ಅಂದಾಗ, ಅಂದ್ರೆ ಮನುಷ್ಯರ ಕೈಯಿಂದ ತಪ್ಪಿಸಿದಾಗ, ಆ ಫರಕ್ಕು ಮತ್ತೆ ಮಾಯ. ಹಂಗಾದ್ರೆ ಹುಡುಗರ ಬುದ್ಧಿ ಕೆಟ್ಟಿರಲಿಲ್ಲ. ತಕ್ಕಡಿ ಹಿಡಿದವನ ಮೇಲೆ ನಂಬಿಕೆ ಇರಲಿಲ್ಲ. ಮೋಸದ ತಕ್ಕಡಿ ಅಂತ ಗೊತ್ತಿದ್ದೂ ಬೆವರು ಸುರಿಸೋ ಮಗು ಯಾವ ಮನೆಯಾಗೈತಿ ಹೇಳ್ರಿ? ಇದು 2004ರಲ್ಲಿ ವರದಿಯಾಗಿ, 2006ರಲ್ಲಿ ಅಮೆರಿಕದ ದೊಡ್ಡ ಅರ್ಥಶಾಸ್ತ್ರ ಪತ್ರಿಕೆಯಲ್ಲಿ ಬಂತು. ಬಾಬಾಸಾಹೇಬರು ಜಾತಿ ಅನ್ನೋದು ಮನಸ್ಸಿನ ಸ್ಥಿತಿ ಅಂತ 1936ರಲ್ಲೇ ಬರೆದಿದ್ದರು. ಎಪ್ಪತ್ತು ವರ್ಷ ಆದ ಮೇಲೆ ಅದನ್ನ ಕಾಗದ ಪೆನ್ನು ಹಿಡಿದು ಎಣಿಸಿ ತೋರಿಸಿದರು ಇವರು.

ಇದನ್ನ ಓದಿದಾಗ ರಾತ್ರಿ ಹನ್ನೊಂದಾಗಿತ್ತು. ನನಗೆ ಏಳನೇ ಕ್ಲಾಸ್ ನೆನಪಾಯ್ತು. ಗಜೇಂದ್ರಗಡ ಆಗ ತಾಲೂಕಲ್ಲ, ರೋಣಕ್ಕೆ ಸೇರಿತ್ತು. ಆ ಕಡೆಯ ಒಂದು ಶಾಲೆ. ಗಣಿತದ ಪರೀಕ್ಷೆಯ ದಿನ ಬೆಳಿಗ್ಗೆ ಮಾಸ್ತರು ಸ್ಕಾಲರ್‌ಶಿಪ್ ಫಾರ್ಮ್ ಹಿಡಕೊಂಡು ಬಂದರು. “ಎಸ್ಸಿ ಹುಡುಗರು ಎದ್ದು ನಿಂದರ್ರಿ.” ನಿಂತೆವು, ನಾಲ್ಕು ಜನ. ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಒಳಜಾತಿ ಕೇಳಿ ಜೋರಾಗಿ ಓದಿ ಬರಕೊಂಡರು. ಹಿಂದಿನ ಬೆಂಚಿನವ ಏನೋ ಅಂದ, ಎಲ್ಲರೂ ನಕ್ಕರು. ಕೂತೆವು. ಪ್ರಶ್ನೆಪತ್ರಿಕೆ ಕೊಟ್ಟರು. ಹಿಂದಿನ ವಾರ ಕಟ್ಟೆ ಮೇಲೆ ಕೂತು ಇದ್ದಿಲಿನಿಂದ ಬಿಡಿಸಿದ್ದ ಅದೇ ಬಡ್ಡಿ ಲೆಕ್ಕ ಎದುರಿಗಿತ್ತು, ಕೈ ಓಡಲಿಲ್ಲ. 35ಕ್ಕೆ ಪಾಸಾದೆ. ‘ನನಗೆ ಗಣಿತ ಬರಲ್ಲ’ ಅಂತ ನನಗೆ ನಾನೇ ಹೇಳಿಕೊಂಡು ಬಿಎಗೆ ಹೋದೆ. ಮೂವತ್ತು ವರ್ಷ ಹಂಗೇ ನಂಬಿದ್ದೆ ನಾನು. ಇವತ್ತು ಆಫೀಸಿನಲ್ಲಿ ಎಲ್ಲರ ಸಂಬಳ ಬಿಲ್ಲಿನ ತಪ್ಪು ಹಿಡಿಯೋನು ನಾನೇ, ಅದು ಬೇರೆ ಮಾತು.

ಒಂದು ಪದದಿಂದ ಮೂವತ್ತು ವರ್ಷ ಹೋಯ್ತು ಅಂತ ನಾನು ಪ್ರಮಾಣ ಮಾಡಲ್ಲ. ಒಬ್ಬನ ಕಥೆ ಪುರಾವೆ ಅಲ್ಲ ಅನ್ನೋದನ್ನೂ ಈ ಶಾಸ್ತ್ರವೇ ಕಲಿಸುತ್ತೆ. ಇಂಥ ಪ್ರಯೋಗಗಳನ್ನ ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮಾಡಿದಾಗ ಕೆಲವು ಕಡೆ ಪರಿಣಾಮ ಸಣ್ಣದಾಗಿದೆ, ಜಗಳ ನಡೆದೇ ಇದೆ. ನಡೀಲಿ. ಆದ್ರೆ ಜಗಳ ಮಾಡೋ ಮೇಜಿನ ಸುತ್ತ ನಮ್ಮವರು ಎಷ್ಟು ಜನ ಕೂತಿದ್ದಾರೆ?

ಈಗ ಒಬ್ಬ ಬರ್ತಾನೆ, ಗ್ಯಾರಂಟಿ ಬರ್ತಾನೆ. “ನೋಡ್ರಿ, ಜಾತಿ ಹೇಳಿದ್ರ ಮಕ್ಕಳು ಕೆಡ್ತಾವಂತ ನೀವೇ ಬರದೀರಿ. ಹಂಗಾದ್ರ ಜಾತಿ ಸರ್ಟಿಫಿಕೇಟ್ ಬಿಡ್ರಿ, ಮೀಸಲಾತಿ ಬಿಡ್ರಿ.” ಅಣ್ಣಾ, ನಾನು ಗುಮಾಸ್ತ. ಕಡತ ಅಂದ್ರೇನು ಅಂತ ನನಗೆ ಹೇಳಿಕೊಡಬೇಡ. ಸರ್ಟಿಫಿಕೇಟ್ ಇರೋದು ಹಕ್ಕು ಕೇಳೋಕೆ, ಅದು ಕಡತದೊಳಗೆ ಇರ್ತದೆ. ಕ್ಲಾಸಿನಾಗ ಎದ್ದು ನಿಲ್ಲಿಸಿ ಕೂಗೋದು ಅವಮಾನಕ್ಕೆ. ಬ್ಯಾಂಕಿನವರು ನಿನ್ನ ಸಾಲದ ಲೆಕ್ಕ ಇಟ್ಟಿರ್ತಾರೆ, ಹಂಗಂತ ಸಂತೆಯಾಗ ಡಂಗುರ ಹೊಡೆದ್ರೆ ಸುಮ್ಮನಿರ್ತೀಯಾ?

ಸಂತೆ ಅಂದ ಕೂಡ್ಲೇ ಇನ್ನೊಂದು ನೆನಪಾಯ್ತು. ಬ್ರೆಜಿಲ್ ದೇಶದ ರೆಸಿಫೆ ಊರಿನ ಬೀದಿಯಲ್ಲಿ ಕಾಯಿ, ಹಣ್ಣು ಮಾರೋ ಬಡ ಮಕ್ಕಳ ಮೇಲೆ 1985ರಲ್ಲಿ ಬಂದ ಅಧ್ಯಯನ. ಗಿರಾಕಿ ಆಗಿ ಹೋಗಿ ಲೆಕ್ಕ ಕೇಳಿದರೆ ನೂರಕ್ಕೆ 98 ಸರಿ. ಅದೇ ಲೆಕ್ಕವನ್ನ ಕಾಗದದ ಮೇಲೆ ಬರೆದುಕೊಟ್ಟರೆ ನೂರಕ್ಕೆ 37ರ ಹತ್ತಿರ. ಕೋಲ್ಕತ್ತ, ದಿಲ್ಲಿ ಮಾರುಕಟ್ಟೆಯ ಮಕ್ಕಳಲ್ಲೂ ಇಂಥದ್ದೇ ಕಂಡಿತು ಅಂತ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದೆ. ಗಜೇಂದ್ರಗಡದ ಸಂತೆಗೆ ಹೋಗಿ ನೋಡ್ರಿ. ಉಳ್ಳಾಗಡ್ಡಿ ತೂಗಿ, ಚಿಲ್ಲರೆ ಎಣಿಸಿ ಕೊಡೋ ಹತ್ತು ವರ್ಷದ ಹುಡುಗ ಒಂದು ಪೈಸೆ ತಪ್ಪಲ್ಲ. ಸೋಮವಾರ ಶಾಲೆಯಲ್ಲಿ ಅವನೇ ದಡ್ಡ. ಶಾಲೆಗೆ ಅವನ ಲೆಕ್ಕ ಓದೋಕೆ ಬರಲ್ಲ ಅನ್ನೋದೇ ಇಲ್ಲಿಯ ರೋಗ. ಹಂಗಂತ ಸಂತೆಯ ಲೆಕ್ಕ ಸಾಕು ಅಂತ ನಾನು ಹೇಳ್ತಿಲ್ಲ. ಆ ಎರಡರ ನಡುವೆ ಸೇತುವೆ ಕಟ್ಟೋರು ಬೇಕು, ಸಂತೆಯಲ್ಲಿ ಕೂತು ಗೊತ್ತಿರೋರೇ ಬೇಕು.

ಕನ್ನಡ ಓದೋದೂ ಹಂಗೇ. ಸೋನಾಲಿ ನಾಗ್ ಅನ್ನೋರು ಕನ್ನಡ ಶಾಲೆಯ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಕೆಲಸ ಇದೆ. ನಮ್ಮ ಅಕ್ಷರ, ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಬರೋಕೆ ನಾಲ್ಕನೇ ಕ್ಲಾಸಿನ ತನಕ ಹಿಡಿಯುತ್ತೆ, ಇಂಗ್ಲಿಷಿನ 26 ಅಕ್ಷರದ ಹಂಗಲ್ಲ. ಎರಡನೇ ಕ್ಲಾಸಿನಲ್ಲೇ ‘ಇದಕ್ಕ ಒತ್ತಕ್ಷರ ಬರಲ್ಲ’ ಅಂತ ಹಿಂದಿನ ಸಾಲಿಗೆ ತಳ್ಳೋ ಮಾಸ್ತರಿಗೆ ಇದನ್ನ ಹೇಳೋರ್ಯಾರು?

ನರಗುಂದಕ್ಕೆ ಬರೋಣ. 1980ರ ಜುಲೈ 21ರ ಗೋಲಿಬಾರ್ ನಮಗೆಲ್ಲ ಗೊತ್ತು. ವರ್ಷಾ ವರ್ಷಾ ಅವತ್ತು ಲೀಡರುಗಳು ಬಂದು ಹಾರ ಹಾಕಿ ರೈತನ ಸಾಲದ ಮಾತಾಡಿ ಹೋಗ್ತಾರೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರ ಅಧ್ಯಯನ ಬಂತು. ಅದೇ ರೈತ ಕಟಾವಿಗೆ ಮುಂಚೆ, ಕೈ ಖಾಲಿ ಇದ್ದಾಗ, ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ಕಟಾವಾಗಿ ರೊಕ್ಕ ಬಂದ ಮೇಲೆ ಮುಂದೆ ಬಂದ. ಚಿಂತೆ ತಲೆಯ ಜಾಗ ತಿಂತದೆ. ಇದು ಹೊಲ ಇದ್ದವನ ಕಥೆ. ಎರಿಹೊಲದ ಬದುವಿನಲ್ಲಿ ನಿಂತ ಕೂಲಿಯವನಿಗೆ ಕಟಾವಿನ ನಂತರದ ಕಾಲ ಅನ್ನೋದೇ ಇಲ್ಲ. ಅವನ ತಲೆಯ ಮೇಲೆ ಅಧ್ಯಯನ ಮಾಡೋಕೆ ಇನ್ನೂ ಯಾರಾದ್ರೂ ಹುಟ್ಟಬೇಕು. ‘ಈ ಮಂದಿಗೆ ಬುದ್ಧಿ ಇಲ್ಲ, ಮುಂಗಡ ತಗೊಂಡು ಕುಡೀತಾವು’ ಅನ್ನೋರು ಮಾತ್ರ ಊರಿಗೊಬ್ಬರು ಹುಟ್ಟೀರಿ.

ಇನ್ನು ‘ಅದನ್ನ ಓದಿ ಏನ್ ಮಾಡ್ತಿ’ ಅಂದ ನನ್ನ ಪ್ರಶ್ನೆಗೆ ಉತ್ತರ.

1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅದೇ ವಿಶ್ವವಿದ್ಯಾಲಯದಿಂದ 1940ರಲ್ಲಿ ಕೆನೆತ್ ಕ್ಲಾರ್ಕ್ ಅನ್ನೋ ಕಪ್ಪು ಜನಾಂಗದ ಯುವಕ ಮನಶ್ಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದರು, ಅಲ್ಲಿ ಆ ವಿಷಯದಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪು ಮನುಷ್ಯ. 1943ರಲ್ಲಿ ಅವರ ಹೆಂಡತಿ ಮೇಮಿ ಕ್ಲಾರ್ಕ್ ಪಡೆದರು. ಗಂಡ ಹೆಂಡತಿ ಇಬ್ಬರೂ ಸೇರಿ ಮಾಡಿದ್ದು ಗೊಂಬೆ ಪ್ರಯೋಗ. ಒಂದೇ ಅಚ್ಚಿನ ಗೊಂಬೆಗಳು, ಬಣ್ಣ ಮಾತ್ರ ಬೇರೆ. ಯಾವುದು ಚಂದ, ಯಾವುದು ಕೆಟ್ಟದ್ದು ಅಂತ ಕಪ್ಪು ಮಕ್ಕಳನ್ನ ಕೇಳಿದರು. ಬಹಳ ಮಕ್ಕಳು ಬಿಳೀದು ಚಂದ ಅಂದವು. ಕೊನೆಗೆ ‘ನಿನ್ನಂಗ ಇರೋದು ಯಾವುದು’ ಅಂದಾಗ ಕೆಲವು ಮಕ್ಕಳು ಅತ್ತು ಎದ್ದು ಹೋದವು. ಆ ಕೆಲಸ ಕೋರ್ಟಿಗೆ ಹೋಯ್ತು. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಬೇರೆ ಬೇರೆ ಶಾಲೆ ಇಡೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಬರಹವನ್ನ ಅಡಿಟಿಪ್ಪಣಿಯಲ್ಲಿ ಹೆಸರಿಸಿತು. ಮೇಮಿ ಕ್ಲಾರ್ಕ್‌ಗೂ ಯಾರೋ ಒಬ್ಬ ಕಾಕಾ ಟೀಚರ್ ಟ್ರೇನಿಂಗ್ ಮಾಡು ಸಾಕು ಅಂದಿದ್ರೆ?

ಹೊಟ್ಟೆಯ ಮಾತೂ ಹೇಳಬೇಕು, ಇಲ್ಲದಿದ್ರೆ ನಾನೂ ಭಾಷಣದವನೇ ಆದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪಿಯುಸಿ ವಿಜ್ಞಾನ ಆದವರಿಗೆ ಮಾತು, ಕಿವಿಯ ಸಮಸ್ಯೆಯ ಪದವಿ ಕೋರ್ಸ್ ಇದೆ. ಸೈಕಾಲಜಿ ಎಂಎ ಆದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಧಾರವಾಡದ ಡಿಮ್ಹಾನ್ಸ್ ನಮ್ಮ ಬಾಗಿಲಲ್ಲೇ ಇದೆ, ಹುಚ್ಚರ ದವಾಖಾನಿ ಅನ್ನೋದನ್ನ ಇನ್ನಾದ್ರೂ ಬಿಡೋಣ. ಅರಿವಿನ ವಿಜ್ಞಾನವನ್ನೇ ಓದೋಕೆ ಅಲಹಾಬಾದ್ ವಿಶ್ವವಿದ್ಯಾಲಯದ ಕೇಂದ್ರ 2002ರಿಂದ ಇದೆ, ಕಾನ್ಪುರ, ದಿಲ್ಲಿ, ಗಾಂಧಿನಗರದ ಐಐಟಿಗಳಿವೆ, ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಓದಿದವರು ಕಾಲೇಜಿಗೆ, ಸಂಶೋಧನೆಗೆ, ಮಕ್ಕಳ ಕಲಿಕೆಯ ಸಂಸ್ಥೆಗಳಿಗೆ, ಮಾತು ಕೇಳಿ ಬರೆಯೋ ಕಂಪ್ಯೂಟರ್ ಮಾಡೋ ಕಂಪನಿಗಳಿಗೆ ಹೋಗ್ತಾರೆ. ನಮ್ಮ ‘ಹೋಗ್ಯಾನ’, ‘ಬಂದಾಳ’ ಆ ಮಿಷನ್ನಿಗೆ ತಿಳಿಯಬೇಕಂದ್ರೆ ಅಲ್ಲೂ ನಮ್ಮ ಕೇರಿಯ ಕಿವಿ ಒಂದು ಬೇಕು. ಖಾಯಂ ನೌಕರಿಯ ಗ್ಯಾರಂಟಿ ಇದೆಯಾ? ಇಲ್ಲ. ಎಫ್‌ಡಿಎ ಬರೆದ ಲಕ್ಷಗಟ್ಟಲೆ ಹುಡುಗರಿಗೆ ಇದೆಯಾ?

ಹೈದರಾಬಾದ್ ಅಂದಾಗ ಎದೆ ಝಲ್ ಅನ್ನುತ್ತೆ. ರೋಹಿತ್ ವೇಮುಲ ಓದಿದ್ದು ಅಲ್ಲೇ, 2016ರ ಜನವರಿ 17ನ್ನ ಮರೆತಿಲ್ಲ. ದೊಡ್ಡ ಗೇಟಿನ ಒಳಗೆ ಹೋದ್ರೆ ಜಾತಿ ಹೊರಗೇ ಉಳಿಯುತ್ತೆ ಅಂತ ನಾನು ಆ ಹುಡುಗಿಗೆ ಸುಳ್ಳು ಹೇಳಿಲ್ಲ. ಇನ್ನು ದಿಲ್ಲಿಯವರ ಕೆಲಸ ನೋಡ್ರಿ. ಎಸ್ಸಿ ಮಕ್ಕಳ ವಿದೇಶಿ ಓದಿಗೆ ಇರೋ ರಾಷ್ಟ್ರೀಯ ಸ್ಕಾಲರ್‌ಶಿಪ್ಪಿನ ನಿಯಮಕ್ಕೆ 2022ರಲ್ಲಿ ಒಂದು ಸಾಲು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಬಗ್ಗೆ ಸಂಶೋಧನೆ ಮಾಡೋಕೆ ಈ ಹಣ ಇಲ್ಲ. ಕ್ಲಾರ್ಕ್ ದಂಪತಿ ಮಾಡಿದ ಕೆಲಸವನ್ನ ನಮ್ಮ ಹುಡುಗಿ ಜಾತಿಯ ಮೇಲೆ ಮಾಡ್ತೀನಿ ಅಂದ್ರೆ ಈ ಸಾಲು ಅಡ್ಡ ಬರುತ್ತೆ. ಹೆದರಿಕೆ ಇಲ್ಲದಿದ್ರೆ ಯಾಕೆ ಬರೀತಾರೆ ಅಂಥ ಸಾಲು?

ನಮ್ಮವರಿಗೂ ಒಂದು ಮಾತು, ಸಿಟ್ಟು ಮಾಡ್ಕೊಬ್ಯಾಡ್ರಿ. ಏಪ್ರಿಲ್ 14ಕ್ಕೆ ಡಿಜೆ ತರಿಸೋಕೆ ಓಣಿ ಓಣಿ ಪಟ್ಟಿ ಎತ್ತೀವಿ, ನಾನೂ ಎತ್ತೀನಿ. ಒಂದು ರಾತ್ರಿಯ ಡಿಜೆಯ ರೊಕ್ಕದಾಗ ಎಷ್ಟು ಹುಡುಗರ ಪ್ರವೇಶ ಪರೀಕ್ಷೆಯ ಫೀ, ರೈಲಿನ ಟಿಕೆಟ್ ಆಗ್ತಾವು ಲೆಕ್ಕ ಹಾಕ್ರಿ. ಲೆಕ್ಕ ಬರಲ್ಲ ಅಂತ ಮಾತ್ರ ಹೇಳಬ್ಯಾಡ್ರಿ.

ಕೆಲಸ ಒಂದಿದೆ. ಸ್ಕಾಲರ್‌ಶಿಪ್ ಅರ್ಜಿ ಈಗ ಆನ್‌ಲೈನ್, ರೊಕ್ಕ ನೇರ ಬ್ಯಾಂಕ್ ಖಾತೆಗೆ. ಮಕ್ಕಳ ಜಾತಿ ವಿವರ ದಾಖಲಾತಿಯಲ್ಲೇ ಇರುತ್ತೆ. ಕ್ಲಾಸಿನಲ್ಲಿ ಎದ್ದು ನಿಲ್ಲಿಸಿ ಕೇಳೋ ಕಾರಣ ಒಂದೂ ಉಳಿದಿಲ್ಲ. ಆದ್ರೂ ನಿಲ್ಲಿಸ್ತಾರೆ ಅಂತ ಮಕ್ಕಳು ಹೇಳ್ತಾರೆ. ರೋಣ, ನರಗುಂದ, ಗಜೇಂದ್ರಗಡದ ಗೆಳೆಯರು ನಿಮ್ಮ ಮನೆ ಮಕ್ಕಳನ್ನ ಇವತ್ತೇ ಕೇಳ್ರಿ. ಮಗುವಿನ ಹೆಸರು, ಮಾಸ್ತರ ಹೆಸರು ಬೇಡ. ಯಾವ ಕ್ಲಾಸು, ಯಾವ ತಿಂಗಳು, ಹೆಂಗ ಕೇಳಿದ್ರು, ಇಷ್ಟು ಬರೆದು ಕಳಿಸ್ರಿ. ನಾನು ಪಟ್ಟಿ ಮಾಡಿ ಟೈಪ್ ಮಾಡ್ತೀನಿ. ಶಿಕ್ಷಣ ಇಲಾಖೆಗೆ ಮನವಿ ಕೊಡೋಣ, ಸುತ್ತೋಲೆ ಬರೋ ತನಕ ಬೆನ್ನು ಹತ್ತೋಣ.

ಹುಡುಗಿಯ ಅರ್ಜಿ ಹೋಗಿದೆ. ಫೀ ಅವಳ ಅವ್ವನೇ ಕೊಟ್ಟಳು, ನನ್ನ ಕೈಯಿಂದ ತಗೊಳ್ಳಲಿಲ್ಲ. ಕರೆ ಬಂದ್ರೆ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ರೈಲಿದೆ, ಅವ್ವನೂ ಜೊತೆಗೆ ಹೋಗ್ತೀನಿ ಅಂತ ಕೂತಿದ್ದಾಳೆ. ಅಹಮದಾಬಾದಿನಲ್ಲಿ ಎರಡು ರಾತ್ರಿ ಇರೋಕೆ ನಮ್ಮವರ ಮನೆ ಯಾರಿಗಾದ್ರೂ ಗೊತ್ತಿದ್ರೆ ಇನ್‌ಬಾಕ್ಸಿಗೆ ಬರ್ರಿ. ಅವರಿಗೆ ಕನ್ನಡ ಬರದಿದ್ರೂ ನಡೀತದೆ, ಹುಡುಗಿಗೆ ಹಿಂದಿ ಬರ್ತದೆ.

ಜೈ ಭೀಮ್.